ಪಾತಾಳದ ರಾಕೆಟ್, ಎರಡನೇ ಭಾಗ

ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಬಂಗಾರಪೇಟೆಯವನು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯೊಳಗೆ ಆಳುಗಳನ್ನು ಇಳಿಸುವ ಕೇಜಿನಲ್ಲಿ ಕೂತು, ನೇರ ಆಕಾಶಕ್ಕೆ ಹಾರಿ, ಅಲ್ಲಿ ಎರಡು ಮುದ್ದೆ ಉಂಡು, ಮಾರಿಕುಪ್ಪಂ ರೈಲು ಬಿಡುವಷ್ಟರಲ್ಲಿ ವಾಪಸು ಬಂದವನು. ಸ್ಟೇಷನ್ ರಸ್ತೆಯ ಕ್ಯಾಸೆಟ್ ಅಂಗಡಿ ಸೊಣ್ಣಪ್ಪ, ಆ ಮನುಷ್ಯ ತಾನೇ ಎಂದು ಹೇಳುವಾಗ ರೆಪ್ಪೆ ಬಡಿಯುತ್ತಿರಲಿಲ್ಲ. ಸಾಕ್ಷಿಗೆ ಕ್ಯಾಸೆಟ್ಟೇ ಇತ್ತಲ್ಲ. ತಾನೇ ಬರೆದು, ಎಲ್ಲ ಪಾತ್ರಗಳನ್ನೂ ತಾನೇ ಕೂಗಿ ತುಂಬಿಸಿದ ನಾಟಕ, 'ಪಾತಾಳದ ರಾಕೆಟ್'. ಅದು ಮೈಸೂರು ಮೈನ್ಸಿನ ಇಲಿಗಳಿಗೂ ಬಾಯಿಪಾಠವಾಗಿತ್ತಂತೆ. ಯಾರಿಗೂ ಹಿಡಿಸದ ಎರಡನೇ ಭಾಗದ ಮಾತು ಬಂದರೆ ಮಾತ್ರ, ಈ ಸೀಮೆಯ ಜನರ ಕಿವಿಗೆ ಸಂಸ್ಕಾರವಿಲ್ಲ ಅನ್ನುತ್ತಿದ್ದ.

ತೊಂಬತ್ತೊಂದರ ವೈಶಾಖದಲ್ಲಿ ಗಂಗರತ್ನಮ್ಮ ಅವನ ಅಂಗಡಿಗೆ ಮತ್ತೆ ಬಂದಳು. ಅವಳ ತಾಯಿ ಅಮ್ಮಾಜಮ್ಮ ಸೋಬಾನೆ ಹಾಡಿದರೆ ಮದುವೆ ಮನೆಯ ಕಂಬಗಳೂ ತಲೆದೂಗುತ್ತಿದ್ದವು. ಟೇಪ್ ರೆಕಾರ್ಡರ್ ಹೊಸತಾಗಿ ಬಂದ ಕಾಲದಲ್ಲಿ ಸೊಣ್ಣಪ್ಪ ಅವಳ ಜಗಲಿಯಲ್ಲಿ ಕೂತು ಮೂರು ಕ್ಯಾಸೆಟ್ ತುಂಬಿಸಿದ್ದ. ಎರಡು ಮಾರಾಟವಾದವು. ಹಸೆಯ ಹಾಡು ತುಂಬಿದ್ದ ಮೂರನೆಯದು ಹೊರಗೆ ಬರಲೇ ಇಲ್ಲ. ಮೊಮ್ಮಗಳನ್ನು ಹಸೆಮಣೆಗೆ ನಾನೇ ಹಾಡಿ ಕೂರಿಸುತ್ತೇನೆ ಎಂದಿದ್ದ ಮುದುಕಿ ಈಗಿಲ್ಲ. ಗಂಗರತ್ನಮ್ಮನ ಮಗಳ ಮದುವೆ ಬರುವ ಗುರುವಾರ.

ಹೋದ ಸಲ ಕ್ಯಾಸೆಟ್ಟು ಜಪಾನಿಗೆ ಹೋಗಿದೆ ಎಂದಿದ್ದ ಸೊಣ್ಣಪ್ಪ, ಈ ಸಲ ಅದು ಡೆಲ್ಲಿಯಲ್ಲಿ ಬೆಳ್ಳಿ ಪೆಟ್ಟಿಗೆಯೊಳಗಿದೆ ಎಂದ.

"ನಿನ್ನ ಬಾಯಿಗೆ ಮಣ್ಣಾಕ," ಅಂದಳು ಗಂಗರತ್ನಮ್ಮ. "ನಮ್ಮವ್ವನ್ ದನಿ ಕೊಡು. ಕೊಡೋಗಂಟ ಈ ಬಾಗ್ಲು ಬುಟ್ಟು ಕದಲಾಕಿಲ್ಲ."

ಬಾಗಿಲಿಗೆ ಅಡ್ಡ ಕೂತೇಬಿಟ್ಟಳು. ಹೊರಗೆ ಬೆಂಚಿನ ಮೇಲಿದ್ದ ಕೋದಂಡಪ್ಪ ಪೇಪರ್ ಮಡಚಿದ. ಗಣಿಯಲ್ಲಿ ಕೇಜು ಏರಿಸಿ ಇಳಿಸುವ ಎಂಜಿನ್ ನಡೆಸಿ ರಿಟೈರಾದ ಮನುಷ್ಯ. ಎರಡನೇ ಭಾಗವನ್ನು ಕೊಂಡ ದಿನವೇ ಬೈದು ಹಿಂತಿರುಗಿಸಿದವನು.

"ಅವಮ್ಮನ್ ಆಡು ಕಳ್ದಾಕ್ಬುಟ್ಟು ಆ ದರಿದ್ರ ರಾಕೆಟ್ಟು ಮಾತ್ರ ಜೋಪಾನ ಮಾಡವ್ನೆ ನೋಡು," ಅಂದ. "ಮೊದಲ್ನೇದು ರಾಕೆಟ್ಟು ಕಣ್ಲಾ ಸೊಣ್ಣ. ಎರಡ್ನೇದು ಬರೀ ಒಗೆ."

ಗಂಗರತ್ನಮ್ಮನ ಶಾಪವನ್ನು ತಡೆದುಕೊಂಡಿದ್ದವನಿಗೆ ಇದನ್ನು ತಡೆಯಲಾಗಲಿಲ್ಲ. ಕೇಳಿ ಸಾಯಿರಿ ಎಂದು ಎರಡನೇ ಭಾಗದ ಮೂಲ ಕ್ಯಾಸೆಟ್ಟನ್ನೇ ತೆಗೆದು, ಹೊರಗಿನ ಸ್ಪೀಕರಿಗೆ ಹಚ್ಚಿ, ದನಿ ಏರಿಸಿದ. ಕುಕ್ಕರ್ ಸೀಟಿ ಹೊಡೆಯಿತು, ಅದು ರಾಕೆಟ್. ಹಂಡೆಯೊಳಗೆ ತಲೆ ಹಾಕಿ ಸೊಣ್ಣಪ್ಪ ಗುಡುಗಿದ್ದ. ಅದು ಚಂದ್ರಲೋಕದ ರಾಜ. ರಾಜ ಏನು ಮಾಡಲೂ ತೋಚದೆ ಮೊದಲ ಭಾಗದ ಕಥೆಯನ್ನೇ ಮತ್ತೆ ಹೇಳತೊಡಗಿದ. ರೈಲಿಗೆ ಬಂದವರು ನಿಂತು ಬೈದು ಹೋದರು. ಕೋದಂಡಪ್ಪ, ಕತ್ತೆಗೆ ಹೊಟ್ಟೆನೋವು ಬಂದರೂ ಇದಕ್ಕಿಂತ ಚೆನ್ನಾಗಿ ಕೂಗುತ್ತದೆ ಅಂದ. ಇದನ್ನು ಕೊನೆಯವರೆಗೆ ಕೇಳಿದವರು ಭೂಲೋಕದಲ್ಲೇ ಇರಲಿಲ್ಲ, ಸೊಣ್ಣಪ್ಪನೂ ಕೇಳಿರಲಿಲ್ಲ. ಈ ದಿನ ಹಟಕ್ಕೆ ಬಿದ್ದು ಕೈಕಟ್ಟಿ ನಿಂತ.

"ಎಲೈ ಮಾನವನೇ, ಈಗ ನೋಡು..." ಎಂದ ರಾಜ. ಟಕ್ ಎಂದಿತು. ಕಥೆ ಅಲ್ಲಿಗೇ ಮುಗಿದಿತ್ತು.

ಟೇಪು ಮಾತ್ರ ಇನ್ನೂ ಸುತ್ತುತ್ತಿತ್ತು. ಸ್ವಲ್ಪ ಗೊರಗೊರ. ಆಮೇಲೆ, ಸ್ಟೇಷನ್ ರಸ್ತೆಗೆಲ್ಲ ಕೇಳುವ ಹಾಗೆ, ಒಂದು ಮುದಿ ದನಿ:

"ಜಾಜು ಬಳ್ದ ಗ್ವಾಡೆ ಮುಂದೆ ಮಣೆ ಆಕಿವ್ನಿ, ಕುಂತ್ಕ ಬಾರೆ ಕೂಸೆ..."

ಗಂಗರತ್ನಮ್ಮ ಎದ್ದಳು. ಹಾಡು ಮುಗಿಯಿತು.

ಅದು ಚಂದ್ರಲೋಕದ ರಾಣಿ, ಹೆಣ್ಣುದನಿ ಮಾಡಿದ್ದು ತಾನೇ ಎಂದ ಸೊಣ್ಣಪ್ಪ. ಗಂಗರತ್ನಮ್ಮ ಕ್ಯಾಸೆಟ್ಟನ್ನು ಹೊರಗೆ ತೆಗೆದು ಅವನ ಮೂಗಿಗೆ ಹಿಡಿದಳು. ಕ್ಯಾಸೆಟ್ಟಿನ ಬೆನ್ನ ಮೇಲಿನ ಪುಟ್ಟ ಕಿವಿ ಮುರಿದರೆ, ಆ ತೂತು ಮುಚ್ಚುವತನಕ ಅದರ ಮೇಲೆ ಮತ್ತೊಂದು ದನಿ ಕೂರುವುದಿಲ್ಲ. ನಿನ್ನ ಹಾಡನ್ನು ಇನ್ನು ಯಮನೂ ಅಳಿಸಲಾರ ಎಂದು ಅಮ್ಮಾಜಮ್ಮನ ಎದುರೇ ಸೊಣ್ಣಪ್ಪ ಅದನ್ನು ಮುರಿದಿದ್ದ. ಆ ತೂತಿಗೀಗ ಬೀಡಿ ಕಟ್ಟಿನ ಕಾಗದ ತುರುಕಲಾಗಿತ್ತು.

"ಇದ್ನೂ ರಾಣೀನೇ ತುರುಕಿದ್ಲಾ?" ಅಂದಳು.

ಸೊಣ್ಣಪ್ಪ ಗಲ್ಲಾ ಹಿಂದೆ ಕುಸಿದ.

"ಚಂದ್ರ ಇರ್ಲಿ, ನಾನು ಗಣಿಗೇ ಇಳ್ದೋನಲ್ಲ ಕಣಕ್ಕ. ಆವತ್ತು ಖಾಲಿ ಕ್ಯಾಸೆಟ್ ಇರ್ನಿಲ್ಲ. ನಿಮ್ಮವ್ವನ್ ದನಿ ಮೇಲೆ ನಾನೇ ಕೂಗ್ಬುಟ್ಟೆ. ತಲೇಲಿ ಇನ್ನೊಂಚೂರು ಕತೆ ಇದ್ದಿದ್ರೆ, ಇದೂ ಉಳೀತಿರ್ನಿಲ್ಲ."