ಚಾಂದ ಪಾಶಾನ ಆಕಾಶ ಟಾಂಗಾ

೧೯೫೬ನೆಯ ಇಸವಿ ನವೆಂಬರ್ ಒಂದನೆಯ ತಾರೀಖು, ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ ಬೀದರಿನ ವಾಯವ್ಯ ಅಂಚಿನ ಬಯಲಿನಲ್ಲಿ ಆಕಾಶ ಟಾಂಗಾ ಮೊದಲ ಸಲ ತಿರುಗಿತು. ನಾವು ಅಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಆ ಸಂಭ್ರಮಕ್ಕೆಂದು ಬಯಲಿನಲ್ಲಿ ನುಮಾಯಿಷ್ ಎಂಬ ಪ್ರದರ್ಶನ ಏರ್ಪಾಡಾಗಿತ್ತು. ಬಳೆ ಅಂಗಡಿ, ಬಿದರಿ ಸಾಮಾನಿನ ಅಂಗಡಿ, ಜಿಲೇಬಿಯ ಬಾಣಲೆಗಳು, ಇವೆಲ್ಲದರ ನಡುವೆ ನಲವತ್ತು ಅಡಿ ಎತ್ತರದ ಸಾಗವಾನಿ ಚಕ್ರ.

ಹಣ ಹಾಕಿದವರು ನನ್ನ ಸೋದರಮಾವ ಶಿವರಾಜಪ್ಪ, ಭಾಲ್ಕಿಯಲ್ಲಿ ಎಣ್ಣೆ ಗಿರಣಿ ಇಟ್ಟಿದ್ದವರು. ಕಟ್ಟಿದವನು ಬೀದರಿನ ಚಾಂದ ಪಾಶಾ. ಅವನದು ಮೂರು ತಲೆಮಾರಿನ ಟಾಂಗಾ ಮಾಡುವ ಕಸುಬು. ಬಸ್ಸುಗಳು ಬಂದ ಮೇಲೆ ಹೊಸ ಟಾಂಗಾ ಕೇಳುವವರಿರಲಿಲ್ಲ. ಹೈದರಾಬಾದಿನಲ್ಲಿ ಅವನ ಹೆಂಡತಿಯ ತಮ್ಮ ಗೌಸೋದ್ದೀನ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿದ್ದ. ಬಾ, ಕೆಲಸ ಕೊಡಿಸುತ್ತೇನೆ ಎಂದು ಕರೆಯುತ್ತಲೇ ಇದ್ದ. ಚಕ್ರ ಓಡಿದರೆ ಚಾಂದ ಪಾಶಾ ಬೀದರಿನಲ್ಲಿ ಉಳಿಯುವುದು, ಓಡದಿದ್ದರೆ ಊರು ಬಿಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅವನ ಹೆಂಡತಿ ಸಕೀನಾ ಅರೆ ತುಂಬಿದ ಟ್ರಂಕನ್ನು ಬಾಗಿಲ ಹತ್ತಿರವೇ ಇಟ್ಟಿದ್ದಳು. ದಿನವೂ ಊಟದ ಡಬ್ಬಿ ತಂದುಕೊಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಕಟ್ಟಲ್ಯಾ, ಬಿಚ್ಚಲ್ಯಾ?"

ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೆ. ದೀಪಾವಳಿ ರಜೆಗೆ ಬಂದವನನ್ನು ಮಾಮಾ ಟಿಕೀಟು ಹರಿಯಲು ಕೂಡಿಸಿದ್ದರು.

ಆ ಚಕ್ರ ಬೇರೆ ಕಡೆಯ ತೊಟ್ಟಿಲು ಚಕ್ರಗಳಂತಿರಲಿಲ್ಲ. ಟಾಂಗಾ ಕಟ್ಟಿದ ಕೈ ಎಂಟು ತೊಟ್ಟಿಲುಗಳನ್ನೂ ಟಾಂಗಾದಂತೆಯೇ ಕಟ್ಟಿತ್ತು. ಕೆಂಪು ರೆಕ್ಸಿನ್ ಸೀಟು, ಕಾಲಿಡಲು ಪಾವಟಿಗೆ, ಬೆನ್ನ ಹಿಂದಿನಿಂದ ತಲೆಯ ಮೇಲಿನವರೆಗೆ ಬಾಗಿದ ಕರಿ ಕ್ಯಾನ್ವಾಸಿನ ಟಪ, ಅದರ ಅಂಚಿಗೆ ಸಾಲಾಗಿ ಹಿತ್ತಾಳೆ ಗುಂಡಿಗಳು. ಆ ಗುಂಡಿಗಳನ್ನು ಅವನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದ. ಗಿರಣಿಯ ಹಳೆಯ ಇಂಜಿನ್ನಿನಿಂದ ತೆಗೆದ ಮೂರು ಇಂಚು ದಪ್ಪದ ಕಬ್ಬಿಣದ ಅಚ್ಚು, ಅದರ ಎರಡು ತುದಿಗೂ ಅದು ಕೂತು ತಿರುಗಲು ಹಿತ್ತಾಳೆಯ ಕೂಡು. ಯಂತ್ರವಿಲ್ಲ. ಕಮಠಾಣದ ನಾಲ್ಕು ಪೈಲ್ವಾನರು ಚಕ್ರದ ಅಂಚು ಹಿಡಿದು ಎಳೆದು ತಿರುಗಿಸುತ್ತಿದ್ದರು. ತಿರುಗುವಾಗ ಅಚ್ಚಿನಿಂದ ಒಂದು ಸಣ್ಣ ನರಳು ಸದ್ದು, ಬಿಸಿಯಾದ ಔಡಲೆಣ್ಣೆಯ ವಾಸನೆ. ಆ ವಾಸನೆ ಈಗಲೂ ಎಲ್ಲಿಯಾದರೂ ಮೂಗಿಗೆ ಬಡಿದರೆ ನಾನು ಒಂದು ಕ್ಷಣ ನಿಲ್ಲುತ್ತೇನೆ.

ಒಂದು ತಿಂಗಳಿನಿಂದ ಮಾಮಾ ಭಾಲ್ಕಿ, ಔರಾದ, ಕಮಠಾಣದ ಸಂತೆಗಳಲ್ಲಿ ಹಲಗೆ ಬಾರಿಸಿ ಸಾರಿಸಿದ್ದರು: "ಹೊಸ ರಾಜ್ಯ, ಹೊಸ ಸವಾರಿ! ಮ್ಯಾಲ ಹೋಗ್ರಿ, ಮೈಸೂರು ನೋಡ್ರಿ!" ಅದಕ್ಕಾಗಿಯೇ ಎಂಟು ಟಾಂಗಾಗಳ ಮುಖವನ್ನೂ ದಕ್ಷಿಣಕ್ಕೆ ಇಡಿಸಿದ್ದರು.

"ಮಾಮಾ, ನಲವತ್ತ ಅಡಿ ಮ್ಯಾಲಿಂದ ಸಪಾಟ ನೆಲದಾಗ ಎಂಟ ಮೈಲಿನೂ ಕಾಣೂದಿಲ್ಲ. ಭೂಮಿ ದುಂಡಗ ಅದ" ಎಂದೆ.

"ಮೈಸೂರು ಕಾಣೂದಿಲ್ಲಂತ ಅವರಿಗೂ ಗೊತ್ತದ. ಭೂಮಿ ದುಂಡಗ ಅದ ಅಂತ ಟಿಕೀಟಿನ ಮ್ಯಾಲ ಬರದ್ರ ಯಾರ ಬರ್ತಾರೋ?" ಎಂದರು ಮಾಮಾ.

ಚಾಂದ ಪಾಶಾ ನಕ್ಕ. "ಸಾಯನ್ಸ್ ಮಾಸ್ತರ್ ಸಾಬ್, ನೀವು ಟಿಕೀಟ್ ಹರೀರಿ. ಭೂಮಿ ನಾವು ತಿರುಗಸ್ತೇವಿ."

ಜನ ಬಂದರು, ಮುಗಿಬಿದ್ದು ಬಂದರು. ಭಾಲ್ಕಿಯ ಬಟ್ಟೆ ವ್ಯಾಪಾರಿ ಹಾವಗೆಪ್ಪ ಗರಿಗರಿ ರುಮಾಲು ಸುತ್ತಿ, ಅತ್ತರು ಹಚ್ಚಿ ಬಂದು ಟಾಂಗಾ ಹತ್ತಿದ. ಅವನಿಗೆ ಅಲ್ಲಿಂದ ಏನೋ ಒಂದು ಖಂಡಿತ ಕಾಣಬೇಕಿತ್ತು. ಅರಮನೆಯೋ, ದೀಪವೋ, ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಳಿದವನ ಮುಖ ಸಪ್ಪಗಿತ್ತು.

"ಯಾಕ್ರಿ ಸಾವಕಾರ್ರ, ಮೈಸೂರು ಕಂಡಿತೇನ್ರಿ?" ಎಂದು ಯಾರೋ ಕೂಗಿದರು.

"ಮೈಸೂರಿನವರೇ ನನ್ನ ನೋಡಿರಬೇಕು. ಇಷ್ಟ ಅತ್ತರ ಸುಮ್ಮನ ಹೋಗ್ತದೇನು?" ಎಂದ ಹಾವಗೆಪ್ಪ. ಎಲ್ಲರೂ ನಕ್ಕರು. ಆದರೆ ಅವನು ಮತ್ತೆ ಟಿಕೀಟು ಕೊಳ್ಳಲಿಲ್ಲ.

ಔರಾದ ತಾಲೂಕಿನ ಎಕಂಬಾದಿಂದ ಬಂದ ಮಚ್ಛೇಂದ್ರ ಮಾತ್ರ ನಗಲೂ ಇಲ್ಲ. "ಎರಡ ಬಸ್ಸು ಬದಲಿಸಿ ಬಂದೀನ್ರಿ. ಏನ ಕಂಡಿತು? ಜ್ವಾಳದ ಹೊಲ! ನಮ್ಮ ಹೊಲದಾಗ ಹಕ್ಕಿ ಹೊಡಿಯೋ ಮಂಚಗಿ ಹತ್ತಿದ್ರ ಪುಕ್ಕಟ ಕಾಣ್ತದ." ಹೋಗುವಾಗ ಪೈಲ್ವಾನರಿಗೂ ಒಂದು ಮಾತು ಎಸೆದ: "ನಿಮ್ಮ ರಟ್ಟಿ ಸುಳ್ಳ ಸವೀತಾವ ನೋಡ್ರಪ್ಪೋ."

ಅವನು ಹೇಳಿದ್ದು ನಿಜ. ದಕ್ಷಿಣಕ್ಕೆ ನಮ್ಮ ಕೆಂಪು ನೆಲ ರೊಟ್ಟಿಯಂತೆ ಸಪಾಟು. ಕಮಠಾಣದ ಕಡೆಯ ಹೊಲ, ಮಾವಿನ ತೋಪು, ಆಮೇಲೆ ಧೂಳು.

ಶುಕ್ರವಾರ ಹಬ್ಬ, ಆದರೂ ಸಾಲು ಅರ್ಧಕ್ಕಿಳಿಯಿತು. ಶನಿವಾರ ಮಧ್ಯಾಹ್ನ ಪೈಲ್ವಾನರು ಚಕ್ರದ ನೆರಳಿನಲ್ಲಿ ಮಲಗಿದ್ದರು. ಮಾಮಾ ಚಾಂದ ಪಾಶಾನನ್ನು ಕರೆದು ಕೂಡಿಸಿಕೊಂಡು, ಕೋಪವಿಲ್ಲದೆ, ತಮ್ಮ ಗಿರಣಿಯ ಲೆಕ್ಕದಲ್ಲೇ ಹೇಳಿದರು: "ನೋಡು ಪಾಶಾ, ಒಮ್ಮಿ ಹತ್ತಿದಂವ ಗಿರಾಕಿ ಅಲ್ಲ, ಎರಡನೇ ಸಲ ಹತ್ತಿದಂವ ಗಿರಾಕಿ. ಇಲ್ಲಿ ಎರಡನೇ ಸಲ ಹತ್ತಿದಂವ ಒಬ್ಬನೂ ಇಲ್ಲ. ಸ್ವಾಮಾರ ಹೈದರಾಬಾದ್ ಕಟ್ಟಿಗಿ ಅಡ್ಡಿಯಂವ ಬರ್ತಾನ, ಸಾಗವಾನಿ ಕೇಳ್ಯಾನ. ಆಯ್ತವಾರ ರಾತ್ರಿ ತನಕ ನೋಡ್ತೇನಿ. ಆಮ್ಯಾಲ ಬಿಚ್ಚೂದಪ್ಪ."

ಸ್ವಲ್ಪ ಹೊತ್ತಿಗೆ ಸಕೀನಾ ಡಬ್ಬಿ ತಂದಳು. ಗಂಡನ ಮುಖ ನೋಡಿದಳು. ಅಂದು ಪ್ರಶ್ನೆ ಕೇಳಲಿಲ್ಲ.

ಬಯಲಿನ ಬಾಯಲ್ಲಿ ಪೇರಲ ಹಣ್ಣು ಮಾರುತ್ತಿದ್ದ ಜಿಜಾಬಾಯಿ ಆ ಸಂಜೆ ಬುಟ್ಟಿಯನ್ನು ನನ್ನ ಮೇಜಿನ ಕೆಳಗೆ ನೂಕಿ, "ತಮ್ಮಾ, ಒಂದ ಚೀಟಿ ಹರಿ" ಎಂದಳು. ಅವಳ ಮಗಳು ಶಾಲುಬಾಯಿಯನ್ನು ಉದಗೀರಿಗೆ ಕೊಟ್ಟಿತ್ತು. ಗುರುವಾರದವರೆಗೆ ಉದಗೀರ ನಮ್ಮದೇ ಬೀದರ ಜಿಲ್ಲೆ. ಅಂದಿನಿಂದ ಮುಂಬಯಿ ರಾಜ್ಯ. ಹಬ್ಬಕ್ಕೆ ಬಂದಿದ್ದ ಮಗಳು ಅದೇ ಹೊತ್ತಿನ ರೈಲಿಗೆ ಗಂಡನ ಮನೆಗೆ ಹೊರಟಿದ್ದಳು.

"ಆಯಿ, ಸ್ಟೇಶನ್ನಿಗೆ ಹೋಗ್ಲಿಲ್ಲೇನು?" ಎಂದೆ.

"ಅಲ್ಲಿ ಅಳ್ತಾಳ. ಇಲ್ಲಿಂದ ಕಳಸ್ತೇನಿ."

ಚಾಂದ ಪಾಶಾ ಅವಳನ್ನು ಟಾಂಗಾದಲ್ಲಿ ಕೂಡಿಸಿ ಅಡ್ಡಪಟ್ಟಿ ಹಾಕಿದ. ಪೈಲ್ವಾನರು ಎದ್ದು ಎಳೆದರು. ಟಾಂಗಾ ನೆಲ ಬಿಟ್ಟಿದ್ದೇ ತಡ, ಜಿಜಾಬಾಯಿ ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ, ಬೆನ್ನ ಹಿಂದಿನ ಟಪದ ಕ್ಯಾನ್ವಾಸನ್ನು ಎರಡೂ ಕೈಯಿಂದ ಕೀಳತೊಡಗಿದಳು. ಹಿತ್ತಾಳೆ ಗುಂಡಿಗಳು ಪಟಪಟ ಕಳಚಿ ಕೆಳಗೆ ಬಿದ್ದವು.

"ಯಾ ಅಲ್ಲಾ! ಏ ಮುದುಕಿ! ಕುಂಡ್ರು! ಟಪ ಹರೀಬ್ಯಾಡ!" ಚಾಂದ ಪಾಶಾ ಕಿರುಚಿದ. ಗಾಬರಿಯಾದ ಪೈಲ್ವಾನರು ಅಂಚು ಹಿಡಿದು ನಿಲ್ಲಿಸಿದರು. ಅವಳ ಟಾಂಗಾ ಸರಿಯಾಗಿ ತುದಿಯಲ್ಲಿ ನಿಂತಿತು.

"ಇಳಸ್ರೋ ಆಕಿನ್ನ!" ಎಂದು ಅವನು ಪೈಲ್ವಾನರಿಗೆ ಕೂಗಿದ.

"ಇಳಸೀರಿ ನೋಡ್ರಿ ಮತ್ತ!" ಮೇಲಿನಿಂದ ಕೂಗು ಬಂತು. "ಇಳಸೀರಂದ್ರ ಜಿಗೀತೇನಿ! ರೈಲ ಹೊಂಟದ!"

"ಎಲ್ಲಿ ಅದಬೇ?" ಯಾರೋ ಕೇಳಿದರು.

"ಹೊಗಿ ಕಾಣ್ತದ. ಖಾನಾಪುರ ದಾಟ್ತು… ಅಯ್ಯ, ಎಷ್ಟ ದೊಡ್ಡದೋ ಯಪ್ಪಾ! ಎಲ್ಲಾ ಕಾಣ್ತದಲ್ಲೋ! ಮಾಂಜ್ರಾ ಹೊಳಿ ಬೆಳ್ಳಿ ಎಳಿ ಹಂಗ ಬಿದ್ದದ… ಆ ದಂಡಿಗಿ ಊರ ಮ್ಯಾಲ ಊರು… ಶಾಲೂ! ಏ ಶಾಲೂ!"

ಬಯಲೆಲ್ಲ ತಲೆ ಎತ್ತಿ ನಿಂತಿತ್ತು. ಜಿಲೇಬಿಯವನು ಜಾಲರಿಯನ್ನು ಕೈಯಲ್ಲೇ ಹಿಡಿದಿದ್ದ. ಅವಳು ಹೇಳುತ್ತಲೇ ಹೋದಳು: ಹೊಗೆ ಹಲಬರ್ಗಾ ಕಡೆ ಹೊರಳಿತು, ಸಣ್ಣದಾಯಿತು, ಕೂದಲೆಳೆಯಾಯಿತು. ಆಮೇಲೆ ದನಿ ತಗ್ಗಿಸಿ, "ಹೋತು. ಈಗ ಇಳಸ್ರಿ" ಎಂದಳು.

ಉತ್ತರದಲ್ಲಿ ಬೀದರಿನ ನೆಲ ಒಮ್ಮೆಲೆ ಮುರಿದು ಮುನ್ನೂರು ಅಡಿ ಕೆಳಗೆ ಇಳಿಯುತ್ತದೆ. ಆಚೆ ಮಾಂಜ್ರಾ ಕಣಿವೆ, ಔರಾದ, ಭಾಲ್ಕಿಯ ಸೀಮೆ. ಆ ನೆಲದ ಮೇಲೆಯೇ ಹುಟ್ಟಿದವರು ನಾವು. ಮೈಸೂರಿನ ಕಡೆ ಮುಖ ಮಾಡುವ ಉಮೇದಿನಲ್ಲಿ ಆ ಕಣಿವೆಗೆ ಬೆನ್ನು ತಿರುಗಿಸಿ, ಸಾಲದ್ದಕ್ಕೆ ಟಪ ಬೇರೆ ಮುಚ್ಚಿ ಕೂಡಿಸಿದ್ದೆವು. ನಾನು ಗುಣಿಸಿದ್ದು ಸಪಾಟ ನೆಲದ ಲೆಕ್ಕ. ಕಣಿವೆಯನ್ನೂ ಕೂಡಿಸಿಕೊಂಡರೆ ದಿಗಂತ ಇಪ್ಪತ್ತೆರಡು ಮೈಲಿಗೆ ಹೋಗುತ್ತದೆ.

ಕೆಳಗಿಳಿದ ಜಿಜಾಬಾಯಿ ಹರಿದ ಟಪ ನೋಡಿ ಹೆದರಿದಳು. "ಪಾಶಾ, ತಪ್ಪಾತಪ್ಪ. ಬುಟ್ಟಿ ಪೇರಲ ಎಲ್ಲಾ ಇಟ್ಕೋ. ನಾಳಿ ಮತ್ತ ಬರ್ತೇನಿ."

"ಮತ್ತ ಯಾಕ?" ಮಾಮಾ ತಟ್ಟನೆ ಕೇಳಿದರು.

"ನಾಳಿ ರೈಲ ಇರೂದಿಲ್ಲೇನ್ರಿ?"

ಮಾಮಾ ಚಾಂದ ಪಾಶಾನ ಕಡೆ ನೋಡಿದರು. ಅವನು ಬಿದ್ದ ಗುಂಡಿಗಳನ್ನು ಆರಿಸಿ ಅಂಗೈಯಲ್ಲಿ ಗುಡ್ಡೆ ಮಾಡುತ್ತಿದ್ದ.

"ಪಾಶಾ, ಸೀಟು ತಿರುಗ್ತಾವೇನು?"

"ತಿರುಗ್ತಾವ್ರಿ. ನಾಲ್ಕ ನಟ್ಟು." ಗುಂಡಿಗಳನ್ನು ಜೇಬಿಗೆ ಹಾಕಿಕೊಂಡ. "ಟಪ ಮಾತ್ರ ತಗೀಬೇಕಾಗ್ತದ. ಟಪ ಇಲ್ದ ಟಾಂಗಾ ಅಂದ್ರ ನಮ್ಮಪ್ಪ ಕಬರನ್ಯಾಗ ಹೊರಳ್ತಾನ."

"ಹೈದರಾಬಾದ್ ಹೋದ್ರ?"

"ಆವಾಗ ಎದ್ದೇ ಬರ್ತಾನ್ರಿ" ಎಂದು ನಟ್ಟು ಬಿಚ್ಚುವ ಪಾನಾ ತರಲು ಹೋದ.

ಭಾನುವಾರ ಬೆಳಿಗ್ಗೆ ಎಂಟು ಟಪಗಳೂ ಇಳಿದವು. ಅವನೇ ಉಳಿ ಹಿಡಿದು ಬಿಡಿಸಿದ, ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಬೋಳಾದ ಟಾಂಗಾಗಳು ಉತ್ತರಕ್ಕೆ ತಿರುಗಿದವು. ಹಲಗೆಯವನಿಗೆ ಮಾಮಾ ಹೊಸ ಮಾತು ಕೊಟ್ಟರು: "ಹೋದವರ ರೈಲು ನೋಡ್ರಿ!" ಇದು ನಡೆಯುತ್ತದೋ ಇಲ್ಲವೋ ಎಂದು ಅವರಿಗೂ ಭರವಸೆ ಇರಲಿಲ್ಲ.

ಆ ಸಂಜೆ ಬಂದವರ ಮುಖಗಳು ನನಗೆ ಇನ್ನೂ ನೆನಪಿವೆ. ಉದಗೀರಿಗೆ ಮಗಳನ್ನು ಕೊಟ್ಟವರು, ನಿಲಂಗಾದಿಂದ ಸೊಸೆ ತಂದವರು, ಗಡಿ ಬಿದ್ದ ಮೇಲೆ ಅಣ್ಣತಮ್ಮಂದಿರು ಆ ಕಡೆ ಉಳಿದುಹೋದವರು. ಅವರ ಊರುಗಳು ಅಲ್ಲಿಂದ ಕಾಣುತ್ತಿರಲಿಲ್ಲ. ನಿಲಂಗಾಕ್ಕೆ ಆ ರೈಲು ಹೋಗುತ್ತಲೂ ಇರಲಿಲ್ಲ. ಆದರೂ ಅತ್ತ ಹೋಗುವ ಹೊಗೆ ಕಾಣುತ್ತಿತ್ತು. ಮೇಲೆ ಹೋದವರು ಕಿರುಚುತ್ತಿರಲಿಲ್ಲ, ಹೊಗೆಯ ಕಡೆಯೇ ನೋಡುತ್ತಿದ್ದರು. ಇಳಿದವರು ತಿರುಗಿ ಬಂದು ಸಾಲಿನ ಕೊನೆಗೆ ನಿಲ್ಲುತ್ತಿದ್ದರು. ಹಾವಗೆಪ್ಪ ಹಾಗೆ ಮೂರು ಸಲ ನಿಂತ. ಅಂದು ಅತ್ತರು ಹಚ್ಚಿರಲಿಲ್ಲ.

ಸೋಮವಾರ ಹೈದರಾಬಾದಿನ ಕಟ್ಟಿಗೆ ಅಡ್ಡೆಯವನು ಬಂದು, ಸಾಗವಾನಿ ಮಾರಾಟಕ್ಕಿಲ್ಲ ಎಂಬ ಮಾತು ಕೇಳಿ, ತಾನೂ ಒಮ್ಮೆ ಹತ್ತಿ ಇಳಿದು ಹೋದ. ಮಧ್ಯಾಹ್ನ ಸಕೀನಾ ಡಬ್ಬಿ ತಂದಳು.

"ಕಟ್ಟಲ್ಯಾ, ಬಿಚ್ಚಲ್ಯಾ?"

"ಬಿಚ್ಚು" ಎಂದ ಚಾಂದ ಪಾಶಾ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

"ಬೆಳಿಗ್ಗೇನೇ ಬಿಚ್ಚೇನಿ. ಕೇಳಿದ್ದು ಸುಮ್ಮನ."

ಆಕಾಶ ಟಾಂಗಾ ಹದಿನೆಂಟು ವರ್ಷ ಓಡಿತು. ಮರ ಲಡ್ಡಾದ ಮೇಲೆ ಬಿಚ್ಚಿದರು. ಅಷ್ಟರಲ್ಲಿ ನಾನು ಬೀದರಿನಲ್ಲೇ ಭೌತಶಾಸ್ತ್ರ ಕಲಿಸುತ್ತಿದ್ದೆ. ಚಾಂದ ಪಾಶಾ ತೀರಿಕೊಂಡ ವರ್ಷ ಸಕೀನಾ ನನ್ನನ್ನು ಕರೆಸಿ, ಕೊಟ್ಟಿಗೆಯಲ್ಲಿದ್ದ ಅಚ್ಚನ್ನು ತೋರಿಸಿ, "ಒಯ್ಯಿರಿ ಮಾಸ್ತರ, ಗುಜರಿಗೆ ಹಾಕಲಿಕ್ಕೆ ಮನಸ್ಸಿಲ್ಲ" ಎಂದಳು. ಆ ಟ್ರಂಕು ಕೊಟ್ಟಿಗೆಯ ಮೂಲೆಯಲ್ಲಿತ್ತು, ಮೇಲೆ ಕೋಳಿ ಕಾವು ಕೂತಿತ್ತು.

ಪ್ರಯೋಗಶಾಲೆಯಲ್ಲಿ ಅಚ್ಚಿನ ಜಿಡ್ಡು ಒರೆಸಿ ವರ್ನಿಯರ್ ಹಿಡಿದು ಅಳೆದೆ. ನಡುವೆ ಮೂರು ಇಂಚು ಹಾಗೆಯೇ ಇತ್ತು, ಎಂದರೆ ಎಪ್ಪತ್ತಾರು ಪಾಯಿಂಟ್ ಎರಡು ಮಿಲಿಮೀಟರ್. ಹಿತ್ತಾಳೆಯ ಕೂಡಿನಲ್ಲಿ ಕೂತು ತಿರುಗಿದ ಜಾಗದಲ್ಲಿ ಎಪ್ಪತ್ತಮೂರು ಪಾಯಿಂಟ್ ಎಂಟು. ಹದಿನೆಂಟು ವರ್ಷದ ಸವಾರಿಯ ಸವೆತ ಎರಡು ಪಾಯಿಂಟ್ ನಾಲ್ಕು ಮಿಲಿಮೀಟರ್.