ನೋಡಲು ನೆಟ್ಟಗಿರುವ ಸ್ಟೀರಿಂಗ್

ಮೋರಿಕಟ್ಟೆಗೆ ಗುದ್ದಿದ ವ್ಯಾನು ಗ್ಯಾರೇಜಿನಿಂದ ಈಚೆ ಬಂದು ಮೂರು ವಾರವಾಗಿತ್ತು. ಬಣ್ಣ ಹೊಸದು, ಗಾಜು ಹೊಸದು, ಮುಂದಿನ ಬಲಬಾಗಿಲು ಇನ್ಯಾವುದೋ ಸತ್ತ ವ್ಯಾನಿನದು. ಎಲ್ಲ ಸರಿ, ಸ್ಟೀರಿಂಗ್ ಮಾತ್ರ ಸೊಟ್ಟ. ಗಾಡಿ ನೇರ ಹೋಗಬೇಕೆಂದರೆ ಇಲಾರಿಯೋನ್ ಅದನ್ನು ನಾಲ್ಕು ಬೆರಳಷ್ಟು ಎಡಕ್ಕೆ ತಿರುಗಿಸಿ ಹಿಡಿದುಕೊಂಡೇ ಇರಬೇಕಿತ್ತು. ಎಲ್ ಆಲ್ತೊ ಊರಿನಿಂದ ವಿಯಾಚಾವರೆಗೆ ಜನರನ್ನು ಸಾಗಿಸುತ್ತಾ ಹಾಗೆ ಹಿಡಿದು ಹಿಡಿದು ಸಂಜೆಗೆ ಹೆಗಲು ಕಲ್ಲಾಗುತ್ತಿತ್ತು.

ಹೆಗಲು ಹಾಳಾಗಿ ಹೋಗಲಿ. ಹೆಂಡತಿ ನೆಮೆಸಿಯಾ ಖಡಾಖಂಡಿತ ಹೇಳಿಬಿಟ್ಟಿದ್ದಳು: "ಅದು ನೆಟ್ಟಗಾಗೋವರೆಗೂ ನಾನು ಆ ಗಾಡಿ ಹತ್ತಲ್ಲ, ನಿನ್ನ ಮನೆಗೂ ಬರಲ್ಲ."

ಹೆಂಡತಿ ಗಾಡಿ ಹತ್ತದಿದ್ದರೆ ಏನಂತೆ ಎನ್ನುವವರಿಗೆ ಆ ಗಾಡಿಗಳು ಗೊತ್ತಿಲ್ಲ. ಜಪಾನಿನಲ್ಲಿ ಹಳತಾಗಿ ಹಡಗು ಹತ್ತಿ ಬಂದ ವ್ಯಾನುಗಳು ಅವು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸುವುದರಿಂದ ಸ್ಟೀರಿಂಗನ್ನು ಬಲಗಡೆಯಿಂದ ಕಿತ್ತು ಎಡಕ್ಕೆ ಕೂರಿಸುತ್ತಾರೆ. ವೇಗದ ಮೀಟರಿನ ತಂಟೆಗೆ ಯಾರೂ ಹೋಗುವುದಿಲ್ಲ; ಅದು ಪಕ್ಕದ ಸೀಟಿನವರ ಮುಂದೆಯೇ ಉಳಿದುಬಿಡುತ್ತದೆ. ಹದಿನಾಲ್ಕು ವರ್ಷ ಆ ಸೀಟಿನಲ್ಲಿ ನೆಮೆಸಿಯಾ ಕೂತಿದ್ದಳು. ಊರ ಹೆಸರು ಕೂಗಿ ಜನ ಹತ್ತಿಸುವವಳೂ ಅವಳೇ, ಮೀಟರು ಓದಿ ಹೇಳುವವಳೂ ಅವಳೇ. "ನಲವತ್ತು. ಐವತ್ತು. ಐವತ್ತೈದು, ಯಾರ ಮದುವೆಗೆ ಹೊತ್ತಾಯ್ತೋ ನಿಂಗೆ?" ಹಿಂದೆ ಕೂತವರು ನಗುತ್ತಿದ್ದರು. ಆ ದನಿಯಿಲ್ಲದೆ ಕಾಲು ಎಷ್ಟು ಒತ್ತಬೇಕೆಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ಮೋರಿಕಟ್ಟೆಗೆ ಗುದ್ದಿದ ದಿನವೂ ಹೇಳಿದ್ದಳು. ಅರವತ್ತು ಅಂದಳು, ಎಪ್ಪತ್ತು ಅಂದಳು, ಎಂಬತ್ತಕ್ಕೆ ಕಿರುಚಿದಳು. ಮುಂದಿನ ವ್ಯಾನಿಗಿಂತ ಮೊದಲು ಸ್ಟಾಪು ಮುಟ್ಟುವ ದರಿದ್ರ ಹಟ ಇವನಿಗೆ. ಕಟ್ಟೆ ಬಡಿದದ್ದು ಅವಳ ಕಡೆಗೆ. ಮೂಳೆ ಕೂರಿಸುವ ಮುದುಕನೊಬ್ಬ ಅವಳ ಬಲಗೈ ಎಳೆದು ಕಟ್ಟಿದ. ಕೈ ಈಗ ನೋಡಲು ಚೆನ್ನಾಗಿದೆ, ಲೋಟ ಎತ್ತಲಾರದು. ಎಂಟು ತಿಂಗಳಿಂದ ಅವಳು ತಂಗಿಯ ಮನೆಯಲ್ಲಿ ಎಡಗೈಯಿಂದ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಳು.

"ಮತ್ತೆ ಬಂದ್ಯಾ? ಇಲ್ಲೇ ಹಾಸಿಗೆ ಹಾಸ್ಕೊಂಬಿಡು," ಎಂದ ಫೆರ್ಮೀನ್ ಮೇಸ್ತ್ರಿ, ಮೂರನೇ ಸಲ ಗಾಡಿ ತಂದಾಗ. ಆದರೂ ಕೆಳಗೆ ತೂರಿದ. ಮುಂದಿನ ಗಾಲಿಗಳನ್ನು ತಿರುಗಿಸುವ ಎರಡು ಸರಳುಗಳಲ್ಲಿ ಒಂದನ್ನು ಉದ್ದ ಮಾಡಿದ, ಇನ್ನೊಂದನ್ನು ಗಿಡ್ಡ ಮಾಡಿದ, ಓಡಿಸಿ ನೋಡಿದ, ಮತ್ತೆ ತೂರಿದ. ಮಧ್ಯಾಹ್ನದ ಹೊತ್ತಿಗೆ ಎದ್ದು ಕೈ ಒರೆಸಿಕೊಂಡ.

"ತಿರುಗಿಸಕ್ಕೆ ಇನ್ನು ಥ್ರೆಡ್ಡೇ ಇಲ್ಲ ಕಣಯ್ಯ. ಚಾಸಿನೇ ಬಾಗಿದೆ. ಬೆನ್ನು ಸೊಟ್ಟ ಆದವನಿಗೆ ಟೋಪಿ ನೆಟ್ಟಗಿಡು ಅಂತೀಯಲ್ಲ!"

"ಏನಾದ್ರೂ ಮಾಡು ಮೇಸ್ತ್ರಿ. ಅವಳು ಬರ್ಬೇಕು."

ಮೇಸ್ತ್ರಿ ಬಾಗಿಲು ತೆಗೆದು ಸ್ಟೀರಿಂಗ್ ಮೇಲೆ ಕೈಯಿಟ್ಟ. "ಇದನ್ನ ಕಿತ್ತು, ಇದು ಕೂರೋ ಕಂಬಿ ಮೇಲೆ ಎರಡು ಹಲ್ಲು ಆಚೆ ಕೂರಿಸಬಹುದು. ನೋಡೋಕೆ ನೆಟ್ಟಗಿರತ್ತೆ. ಗಾಡಿ ಮಾತ್ರ ಬಲಕ್ಕೇ ಎಳೆಯತ್ತೆ, ಸಾಯೋವರೆಗೂ. ಇದು ರಿಪೇರಿ ಅಲ್ಲ, ಸುಳ್ಳು. ನನ್ನ ಹೆಸರು ಎಲ್ಲೂ ಹೇಳ್ಬೇಡ."

"ಕೂರಿಸು," ಎಂದ ಇಲಾರಿಯೋನ್.

ಶನಿವಾರ ಬೆಳಿಗ್ಗೆ ಅವನು ಬಾನೆಟ್ಟಿನ ಮೇಲೆ ಹೂವಿನೆಸಳು ಉದುರಿಸಿದ. ಮೊದಲು ಭೂತಾಯಿ ಪಾಚಮಾಮಳಿಗೆ ನೆಲಕ್ಕಿಷ್ಟು ಬಿಯರು ಸುರಿದು, ಆಮೇಲೆ ನಾಲ್ಕು ಟೈರಿಗೂ ಹಾಕಿ, ನಾದಿನಿಯ ಮನೆಬಾಗಿಲಿಗೆ ಹೋಗಿ ಹಾರನ್ ಹೊಡೆದ. ನೆಮೆಸಿಯಾ ಹೊರಗೆ ಬಂದಳು. ಕಿಟಕಿಯಿಂದ ಬಗ್ಗಿ ಸ್ಟೀರಿಂಗನ್ನೇ ನೋಡಿದಳು. ಆಮೇಲೆ ಶಾಲು ಹೊದ್ದು, ಗುಂಡು ಟೋಪಿ ಇಟ್ಟು, ಬಂದು ತನ್ನ ಸೀಟಿನಲ್ಲಿ ಕೂತಳು.

"ಇಪ್ಪತ್ತು," ಎಂದಳು. ಊರು ದಾಟಿದ ಮೇಲೆ, "ಮೂವತ್ತು. ನಲವತ್ತು."

ಇಲಾರಿಯೋನನಿಗೆ ಅಳು ಬಂತು. ಸಂತೋಷಕ್ಕೇ ಬಂತು. ಸ್ಟೀರಿಂಗ್ ಅವನ ಎದೆಗೆ ನೇರವಾಗಿ, ಹೊಸ ಗಾಡಿಯದರಂತೆ ನಿಂತಿತ್ತು. ಹೆಗಲು ಮಾತ್ರ ಮೊದಲಿನ ಹಾಗೇ ನೋಯುತ್ತಿತ್ತು.

"ನಿಧಾನ ಮಾಡಿ ಕೈ ಬಿಡು."

"ಏನು?"

"ರಸ್ತೆ ಖಾಲಿ ಇದೆ. ಕೈ ಬಿಡು ಅಂದೆ. ಎಪ್ಪತ್ತು ಅಂದಾಗ ಕೇಳ್ಲಿಲ್ಲ. ಇವತ್ತಾದ್ರೂ ಕೇಳು."

ಅವನು ಕೈ ಬಿಟ್ಟ. ವ್ಯಾನು ಕೊಟ್ಟಿಗೆ ಕಂಡ ಹಸುವಿನ ಹಾಗೆ ಬಲಕ್ಕೆ, ಅವಳ ಕಡೆಯ ಅಂಚಿಗೆ ಸರಿಯಿತು. ಅವನು ಗಬಕ್ಕನೆ ಹಿಡಿದು ನಿಲ್ಲಿಸಿದ.

ನೆಮೆಸಿಯಾ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮೀಟರಿನ ಮುಂದೆ ಇಟ್ಟಳು. "ಇದನ್ನೂ ಹೀಗೇ ಕೂರಿಸಿದ್ರು, ನೋಡೋಕೆ ನೆಟ್ಟಗೆ. ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ?"

"ನೀನು ಬರ್ಲಿ ಅಂತ..."

"ಸೊಟ್ಟ ಇದೆ, ಇನ್ನು ಸರಿಹೋಗಲ್ಲ ಅಂತ ಬಂದು ಹೇಳಿದ್ರೆ ಬರ್ತಿದ್ದೆ ಕಣೋ. ಬೈಕೊಂಡಾದ್ರೂ ಬರ್ತಿದ್ದೆ."

ಎಡಗೈಯಿಂದಲೇ ಬಾಗಿಲು ತೆಗೆದು ಇಳಿದಳು. ರಸ್ತೆ ದಾಟಿ, ಊರ ಕಡೆ ಹೋಗುತ್ತಿದ್ದ ಇನ್ಯಾರದೋ ವ್ಯಾನಿಗೆ ಕೈ ಅಡ್ಡ ಹಿಡಿದು ಹತ್ತಿದಳು. ಹಿಂದಿನ ಸೀಟಿಗೆ.

ಇಲಾರಿಯೋನ್ ಬಹಳ ಹೊತ್ತು ಕೂತಿದ್ದು ಮತ್ತೆ ಹೊರಟ. ಎಷ್ಟು ವೇಗದಲ್ಲಿದ್ದೇನೆಂದು ನೋಡಲು ಬಗ್ಗಿದ. ಅಲ್ಲಿಂದ ಮೀಟರಿನ ಗಾಜಿನ ಮೇಲಿನ ಬಿಸಿಲು ಮಾತ್ರ ಕಂಡಿತು. ಮುಂದಿನ ಸ್ಟಾಪಿನಲ್ಲಿ "ವಿಯಾಚಾ, ವಿಯಾಚಾ" ಎಂದು ತಾನೇ ಕೂಗಿದ. ಮೂಟೆ ಹೊತ್ತ ಹೆಂಗಸೊಬ್ಬಳು ಮುಂದಿನ ಬಾಗಿಲಿಗೆ ಕೈ ಹಾಕಿ, ಸೀಟು ಖಾಲಿ ಇದೆಯಾ ಎಂದು ಕೇಳಿದಳು.

"ಇಲ್ಲಮ್ಮ, ಅಲ್ಲಿ ಜನ ಇದ್ದಾರೆ," ಎಂದ. "ಹಿಂದೆ ಕೂತ್ಕೊ."