ಐದನೆಯ ಇಲ್ಲ

ಏಳ್ನೇ ಕ್ಲಾಸಲ್ಲೇ ಬ್ಯಾಗ್ ಬಿಸಾಕ್ಬುಟ್ಟು ಓಡೋದೋನು ನೀನು, ಘಾಟಲ್ಲಿ ನನ್ ಟೆಂಪೋನೂ ಹಂಗೇ ಬಿಸಾಕ್ಬುಟ್ಟು ಬತ್ತೀಯ ಕಣ್ಲಾ ಗಿರೀಶ — ಎಂದ ಮರಿಮಲ್ಲಪ್ಪ, ಗುಂಡ್ಲುಪೇಟೆ ಮಾರ್ಕೆಟ್ಟಿನ ನಡುವೆ, ಟೊಮೆಟೊ ಕ್ರೇಟುಗಳ ಮೇಲೆ ಕೂತ ನಾಲ್ಕು ಹಮಾಲಿಗಳ ಮುಂದೆ, ನಾಲ್ವರೂ ನಕ್ಕರು, ಒಬ್ಬನಂತೂ ನಗುವುದಕ್ಕೆಂದೇ ಬಾಯಿಂದ ಬೀಡಿ ತೆಗೆದ, ನಾನು ನೋಡಿದೆ, ಬೀಡಿ ತೆಗೆದು ನಗುವಷ್ಟು ದೊಡ್ಡ ಮಾತೇನಲ್ಲ ಅದು, ಮೊದಲೇ ಹೇಳಿಕೊಟ್ಟಿರಬೇಕು, ಇವನು ಬಂದೇ ಬರುತ್ತಾನೆ, ನಗಿ ಅಂತ, ಹಾಗಾದರೆ ನಾನು ಬರುವುದು ಇವನಿಗೆ ಹೇಗೆ ಗೊತ್ತು, ವನಿತಾ ಮೇಡಂ ಫೋನ್ ಮಾಡಿದ್ದಾರೆ, ಇನ್ಯಾರು. ಇವತ್ತು ತಿರಸ್ಕಾರದ ದಿನವಂತೆ, ಯಾವುದೋ ದೇಶದಲ್ಲಿ ಆಚರಿಸುತ್ತಾರಂತೆ, ಬೆಳಿಗ್ಗೆ ಚಾಮರಾಜನಗರದ ಡ್ರೈವಿಂಗ್ ಕ್ಲಾಸಿಗೆ ಇನ್ನೂ ಕೆಲಸ ಸಿಗದ ಹಳಬರನ್ನೆಲ್ಲ ಕರೆಸಿ ಮೇಡಂ ಒಬ್ಬೊಬ್ಬರಿಗೂ ಒಂದು ಕಾರ್ಡು ಕೊಟ್ಟು, ಐದು ಜನರನ್ನ ಏನಾದರೂ ಕೇಳಿ, ಐದು ಇಲ್ಲ ಅನ್ನಿಸಿಕೊಂಡು ಸೈನ್ ಹಾಕಿಸಿಕೊಂಡು ಬನ್ನಿ, ಭಯ ಹೋಗುತ್ತೆ, ಪೂರ್ತಿ ತುಂಬಿಸಿದವರಿಗೆ ಸ್ಟೀಲ್ ಡಬ್ಬಿ ಅಂದರು, ನಗುನಗುತ್ತಾ — ಕಾರ್ಡು ಹಂಚುತ್ತ ನಗುವವರನ್ನು ನಾನು ನಂಬುವುದಿಲ್ಲ, ಇಲ್ಲ ಅನ್ನಿಸಿಕೊಳ್ಳಲು ಕಾರ್ಡು ಬೇರೆ ಬೇಕೇ, ಲೈಸೆನ್ಸ್ ಬಂದು ಎಂಟು ತಿಂಗಳಾಯಿತು, ನನಗದು ದಿನಾ ಪುಕ್ಕಟೆ ಸಿಗುತ್ತಿದೆ.

ನಾಲ್ಕಂತೂ ಸಲೀಸಾಗಿ ಬಂದವು, ಬಸ್ಸಿನಲ್ಲಿ ಕಂಡಕ್ಟರನಿಗೆ ಒಂದ್ಸಲ ನಾನು ಸೀಟಿ ಊದ್ಲಾ ಅಂದೆ, ಊದ್ಬುಟ್ಟು ಕೆಳಗಿಳಿ ಅಂದ, ಅದು ಇಲ್ಲವೇ ತಾನೇ, ಸೈನ್ ಹಾಕಿದ, ಹೋಟೆಲಿನವನು, ಸಲೂನಿನವನು, ಆಮೇಲೆ ಹೂವಿನ ಚಿಕ್ಕಮಲ್ಲಮ್ಮ, ಅವ್ವಾ, ಒಂದು ಗಂಟೆ ನಾನು ಕೂತು ಮಾರ್ಲಾ ಅಂದರೆ, ನಿನ್ ಮೊಕ ನೋಡುದ್ರೆ ಹೂವ ಬಾಡ್ತದೆ ಹೋಗಪ್ಪ ಅಂದು ಹೆಬ್ಬೆಟ್ಟು ಒತ್ತಿದಳು, ನನಗೂ ನಗು ಬಂತು, ನಿಜ, ಬಂತು. ಐದನೆಯದನ್ನು ಮಾತ್ರ ಬೇಕೆಂದೇ ಉಳಿಸಿಕೊಂಡೆ, ಈ ಮರಿಮಲ್ಲಪ್ಪನಿಗೆ, ಇವನು ತಾನೇ ಓಡಿಸಿಕೊಂಡು ಕೇರಳಕ್ಕೆ ತರಕಾರಿ ಹೊಡೆಯುವ ಟೆಂಪೋದ ಡ್ರೈವರ್ ಕೆಲಸಕ್ಕೆ, ಎರಡು ಸಲ ಕೇಳಿದ್ದೆ, ಎರಡು ಸಲವೂ ಇಲ್ಲ, ಆ ಎರಡು ರಾತ್ರಿಯೂ ನಿದ್ದೆ ಇಲ್ಲ, ಇವತ್ತು ಆಟದ ನೆಪದಲ್ಲಿ ನಿಜವಾಗಿ ಕೇಳಬಹುದು, ಇಲ್ಲ ಅಂದರೆ ಅದು ಆಟ, ಕಾರ್ಡು ತುಂಬಿತು ಅಂದುಕೊಂಡು ಹೋಗಬಹುದು, ಯಾರಿಗೆ ಗೊತ್ತಾಗುತ್ತದೆ. ಹಾಗಂದುಕೊಂಡೇ ಕೇಳಿದೆ, ಬ್ಯಾಗಿನ ಮಾತು ಬಂತು, ನಗು ಬಂತು, ಕಿವಿ ಸುಟ್ಟಿತು, ಆದರೂ ಕಾರ್ಡು ಮುಂದೆ ಚಾಚಿ ಸೈನ್ ಹಾಕಿ ಅಂದೆ.

ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಮರಿಮಲ್ಲಪ್ಪ. ಏನ್ಲಾ ಇದು, ಇಲ್ಲ ಅಂದೋರು ಸೈನ್ ಹಾಕ್ಬೇಕಾ, ನಾನೆಲ್ಲಿ ಇಲ್ಲ ಅಂದೆ, ಬಿಸಾಕ್ತೀಯ ಅಂದೆ ಅಷ್ಟೇಯ, ಬೆಳಿಗ್ಗೆ ಆರ್ಗಂಟೆಗೆ ಕಾಡಿನ ಚೆಕ್‌ಪೋಸ್ಟ್ ತೆಗೀತದೆ, ತಗ, ಗಾಡಿ ಅಲ್ಲಿ ತಂದು ನಿಲ್ಸು ಅಂತ ಜೇಬಿಂದ ಗೊಂಚಲು ಸಮೇತ ಕೀ ತೆಗೆದು ನನ್ನ ಮೂತಿಯ ಮುಂದೆ ಹಿಡಿದ, ಗಲಗಲ ಅಂತು, ಹಮಾಲಿಗಳು ಈಗ ನಗುತ್ತಿಲ್ಲ, ಯಾಕೆ ನಗುತ್ತಿಲ್ಲ, ಒಬ್ಬನ ಕೈಯಲ್ಲಿ ಫೋನಿದೆ, ವಿಡಿಯೋ ಮಾಡುತ್ತಿದ್ದಾನೆಯೇ, ನಾನು ಕೈ ಚಾಚಿದರೆ ಸಾಕು, ಕೀ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಸಣ್ಣ ಮಕ್ಕಳಿಗೆ ಮಿಠಾಯಿ ತೋರಿಸಿ ಎಳೆದ ಹಾಗೆ, ಮತ್ತೆ ಬೀಡಿ ತೆಗೆದು ನಗುತ್ತಾರೆ, ಸಂಜೆಯೊಳಗೆ ನಮ್ಮೂರು ಹಂಗಳದವರೆಗೂ ನಗು, ಗೊತ್ತು ನನಗೆ, ಇಲ್ಲವನ್ನಾದರೂ ನಂಬಬಹುದು, ಇದನ್ನು ಹೇಗೆ ನಂಬುವುದು. ತಗತೀಯೋ ಇಲ್ವೋ ಹೇಳ್ಲಾ ಅಂದ. ನಾನು ತಿರುಗಿ ನಡೆದೆ. ಲೋ ಗಿರೀಶ, ಏನಾದ್ರೂ ಒಂದು ಹೇಳ್ಬುಟ್ಟು ಹೋಗ್ಲಾ — ಈರುಳ್ಳಿ ಮೂಟೆ ದಾಟಿದೆ, ಎಲೆಕೋಸಿನ ರಾಶಿ ದಾಟಿದೆ, ಹಿಂದಿನಿಂದ ನಗು ಬರಲಿಲ್ಲ, ಬರಬೇಕಿತ್ತು, ಮೋಸವಾಗಿದ್ದರೆ ಇಷ್ಟೊತ್ತಿಗೆ ಬರಬೇಕಿತ್ತು, ಮತ್ತೆ ಆ ಕೀ ಅಷ್ಟು ಸದ್ದು ಮಾಡುತ್ತಿತ್ತಲ್ಲ, ಗಾಳಿ ಇರಲಿಲ್ಲ, ಅವನು ಆಡಿಸುತ್ತಲೂ ಇರಲಿಲ್ಲ, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡಿದ್ದ, ಯಾರಿಗೂ ಕಾಣದ ಹಾಗೆ, ಮೂವತ್ತು ವರ್ಷ ಘಾಟಿನ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸಿದ ಕೈ, ನಡೆಯುತ್ತಲೇ ಇದ್ದೇನೆ, ಕಾಲು ನಿಲ್ಲುತ್ತಿಲ್ಲ, ಆ ಕೈ ನಡುಗುತ್ತಿತ್ತು, ನನ್ನ ಮುಂದೆ ಚಾಚಿಕೊಂಡು, ಕೀ, ನಡುಗುತ್ತಿತ್ತು.